ಸೈನ್ 40ಕ್ಕೆ ಮೂರು ಉತ್ತರ

(ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಭಿಕರ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಕೆಲಸ ಮಾಡೋಣ. ನಿಮ್ಮ ಕೈಯಲ್ಲಿರುವ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಆನ್ ಮಾಡಿ. ಬೇರೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಸುಮ್ನೆ ಸೈನ್ 40 ಒತ್ತಿ, ಏನು ಬಂತು ನೋಡಿ.

ಹೆಚ್ಚಿನವರಿಗೆ 0.6428. ಕೆಲವರಿಗೆ 0.7451. ಆ ಕಡೆ ಒಬ್ಬರಿಗೆ 0.5878. ಮೂರೂ ಸೊನ್ನೆಗೂ ಒಂದಕ್ಕೂ ನಡುವೆ ಇವೆ. ಯಾವುದನ್ನು ನೋಡಿದರೂ ಅನುಮಾನ ಬರುವುದಿಲ್ಲ. ಸೈನ್ 30ಕ್ಕೆ ಮೈನಸ್ 0.988 ಬಂದರೆ ಯಾರಾದರೂ ತಡೆದು ನಿಲ್ಲುತ್ತಾರೆ, ಇದೇನಪ್ಪಾ ಅಂತ ಇನ್ನೊಮ್ಮೆ ಒತ್ತುತ್ತಾರೆ. ಆದರೆ 0.7451 ಎಂಬ ಉತ್ತರ ಯಾರ ಕಣ್ಣಿಗೂ ಬೀಳದೆ ಉತ್ತರಪತ್ರಿಕೆಗೆ ಹೋಗಿ ಕೂರುತ್ತದೆ. ನನ್ನ ಇವತ್ತಿನ ಮಾತೆಲ್ಲ ಇಂಥ ಉತ್ತರಗಳ ಬಗ್ಗೆ. ತಪ್ಪಾಗಿದ್ದೂ ಸರಿಯಂತೆ ಕಾಣುವ ಉತ್ತರಗಳು.

ಇಲ್ಲಿ ಯಾರ ಕ್ಯಾಲ್ಕ್ಯುಲೇಟರೂ ಕೆಟ್ಟಿಲ್ಲ. ಒಂದು ಅದನ್ನು 40 ಡಿಗ್ರಿ ಅಂದುಕೊಂಡಿತು. ಇನ್ನೊಂದು 40 ರೇಡಿಯನ್ ಅಂದುಕೊಂಡಿತು. ಮತ್ತೊಂದು 40 ಗ್ರೇಡಿಯನ್. ಪರದೆಯ ಮೇಲಿನ ಅಂಚಿನಲ್ಲಿ ಚಿಕ್ಕದಾಗಿ ಡಿ, ಆರ್ ಅಥವಾ ಜಿ ಅಂತ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಕೆಲವು ಮಾದರಿಗಳಲ್ಲಿ ಡೆಗ್, ರ್‍ಯಾಡ್, ಗ್ರ್ಯಾಡ್ ಅಂತಲೂ ಇರುತ್ತದೆ. ಇಷ್ಟು ಮುಖ್ಯವಾದ ಮಾಹಿತಿಯನ್ನು ಇಷ್ಟು ಸಣ್ಣ ಅಕ್ಷರದಲ್ಲಿ ಯಾಕೆ ಇಡುತ್ತಾರೋ ನನಗಂತೂ ಅರ್ಥವಾಗಿಲ್ಲ.

ಆ ಅಕ್ಷರ ಕಾಣದಿದ್ದರೆ ಕ್ಯಾಲ್ಕ್ಯುಲೇಟರನ್ನೇ ಕೇಳಿ. ಬಹಳ ಜನ ಸೈನ್ 0 ಅಥವಾ ಟ್ಯಾನ್ 0 ಒತ್ತಿ, ಸೊನ್ನೆ ಬಂತು, ಎಲ್ಲ ಸರಿ ಇದೆ ಅಂತಾರೆ. ಸೊನ್ನೆ ಯಾವ ಅಳತೆಯಲ್ಲೂ ಸೊನ್ನೆಯೇ ಅಲ್ವಾ? ಅದರಿಂದ ಏನೂ ಗೊತ್ತಾಗುವುದಿಲ್ಲ. ಸೈನ್ 30ಕ್ಕೆ 0.5 ಬರುತ್ತದಾ ಅಂತ ನೋಡುವುದು ಒಳ್ಳೆಯ ಅಭ್ಯಾಸ. ಅದಕ್ಕಿಂತ ನನಗೆ ಇಷ್ಟ ಸೈನ್ ಇನ್ವರ್ಸ್ 1. ಶಿಫ್ಟ್, ಸೈನ್, 1, ಈಕ್ವಲ್ ಟು. 90 ಬಂದರೆ ಡಿಗ್ರಿ. 1.5708 ಬಂದರೆ ರೇಡಿಯನ್. 100 ಬಂದರೆ ಗ್ರೇಡಿಯನ್. ಲಂಬಕೋನದ ಸೈನ್ ಬೆಲೆ 1 ತಾನೇ, ಹಾಗಾಗಿ ಇದು ಲಂಬಕೋನವನ್ನು ಎಷ್ಟು ಅಂತ ಕರೆಯುತ್ತೀಯಾ ಅಂತ ಕೇಳಿದ ಹಾಗೆ. ಉತ್ತರದಲ್ಲೇ ಅದು ಯಾವ ಅಳತೆಯಲ್ಲಿದೆ ಅನ್ನುವುದು ಹೊರಬೀಳುತ್ತದೆ. ಹೊಸ ಮಾದರಿಗಳು 1.5708ರ ಬದಲು ಪೈ ಬೈ 2 ಅಂತ ತೋರಿಸಬಹುದು. ಎರಡೂ ಒಂದೇ.

ಅಳತೆ ಬದಲಾಯಿಸುವ ದಾರಿ ಮಾದರಿಯಿಂದ ಮಾದರಿಗೆ ಬೇರೆ. ಕ್ಯಾಸಿಯೋ ಎಫ್‌ಎಕ್ಸ್-82ಎಂಎಸ್‌ನಲ್ಲಿ ಮೋಡ್ ಬಟನ್ ಎರಡು ಸಲ ಒತ್ತಿದರೆ ಮೂರೂ ಹೆಸರು ಬರುತ್ತವೆ. ಡಿಗ್ರಿಗೆ 1, ರೇಡಿಯನ್‌ಗೆ 2, ಗ್ರೇಡಿಯನ್‌ಗೆ 3. ಎಫ್‌ಎಕ್ಸ್-991ಇಎಸ್‌ನಲ್ಲಿ ಶಿಫ್ಟ್ ಒತ್ತಿ ಮೋಡ್ ಒತ್ತಿದರೆ ಸೆಟಪ್ ಪಟ್ಟಿ ತೆರೆಯುತ್ತದೆ. ಅಲ್ಲಿ ಡಿಗ್ರಿಗೆ 3, ರೇಡಿಯನ್‌ಗೆ 4, ಗ್ರೇಡಿಯನ್‌ಗೆ 5. ಇಲ್ಲೊಂದು ಮಾತು ನೆನಪಿರಲಿ. ಆಫ್ ಮಾಡಿದರೆ ಅಳತೆ ಮರೆತುಹೋಗುವುದಿಲ್ಲ. ನಿನ್ನೆ ರೇಡಿಯನ್‌ನಲ್ಲಿ ಬಿಟ್ಟಿದ್ದರೆ ಇವತ್ತೂ ರೇಡಿಯನ್ನೇ. ಗೆಳೆಯರಿಂದ ಕ್ಯಾಲ್ಕ್ಯುಲೇಟರ್ ಎರವಲು ತಂದರೆ ಅದರ ಜೊತೆ ಅವರ ಸೆಟ್ಟಿಂಗೂ ಬಂದಿರುತ್ತದೆ.

ಫೋನಿನಲ್ಲಿ ಇನ್ನೊಂದು ಗೊಂದಲ. ಕೆಲವು ಕ್ಯಾಲ್ಕ್ಯುಲೇಟರ್ ಆ್ಯಪ್‌ಗಳಲ್ಲಿ ಬಟನ್ ಮೇಲೆ ರ್‍ಯಾಡ್ ಅಂತ ಬರೆದಿದ್ದರೆ ಈಗ ರೇಡಿಯನ್‌ನಲ್ಲಿದೆ ಎಂದು ಅರ್ಥವಲ್ಲ. ಒತ್ತಿದರೆ ರೇಡಿಯನ್‌ಗೆ ಹೋಗುತ್ತದೆ ಎಂದು ಅರ್ಥ. ಅಂದರೆ ಈಗ ಡಿಗ್ರಿಯಲ್ಲಿದೆ. ಬೇರೆ ಕೆಲವುಗಳಲ್ಲಿ ಇದು ಪೂರ್ತಿ ಉಲ್ಟಾ. ಬಟನ್ ನೋಡಿ ತೀರ್ಮಾನ ಮಾಡಬೇಡಿ. ಸೈನ್ ಇನ್ವರ್ಸ್ 1 ಒತ್ತಿಬಿಡಿ, ವಾದವೇ ಬೇಡ.

ಸರಿ, ಒಂದೇ ಕೋನಕ್ಕೆ ಮೂರು ಅಳತೆ ಯಾಕೆ ಬೇಕಿತ್ತು?

ಡಿಗ್ರಿ ಎಲ್ಲಕ್ಕಿಂತ ಹಳೆಯದು. ಸುತ್ತಿಗೆ 360 ಎಂಬ ಲೆಕ್ಕ ಬ್ಯಾಬಿಲೋನಿನ ಕಾಲದ 60ರ ಎಣಿಕೆಯ ಜೊತೆ ಬಂದದ್ದು. 360ನ್ನು 2, 3, 4, 5, 6, 8, 9, 10 ಎಲ್ಲದರಿಂದಲೂ ಭಾಗಿಸಬಹುದು. ಕೈಯಲ್ಲಿ ಲೆಕ್ಕ ಮಾಡುವವರಿಗೆ ಅದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ.

ಗ್ರೇಡಿಯನ್ ಫ್ರೆಂಚ್ ಕ್ರಾಂತಿಯ ಕೂಸು. ಎಲ್ಲವನ್ನೂ ಹತ್ತು, ನೂರರ ಲೆಕ್ಕಕ್ಕೆ ತರಬೇಕು ಅಂತ ಹೊರಟವರು ಲಂಬಕೋನವನ್ನೂ ನೂರು ಭಾಗ ಮಾಡಿದರು. ಆಗ ಮೀಟರನ್ನು ಧ್ರುವದಿಂದ ಭೂಮಧ್ಯರೇಖೆಗಿರುವ ದೂರದ ಒಂದು ಕೋಟಿಯ ಒಂದು ಭಾಗ ಅಂತ ಗೊತ್ತು ಮಾಡಿದ್ದರು. ಅಂದರೆ ಆ ದೂರ 10,000 ಕಿಲೋಮೀಟರ್. ಅದಕ್ಕೆ 100 ಗ್ರೇಡಿಯನ್ ಆದರೆ ಒಂದು ಗ್ರೇಡಿಯನ್‌ಗೆ ಸರಿಯಾಗಿ 100 ಕಿಲೋಮೀಟರ್. ಯೋಚನೆ ಚೆನ್ನಾಗಿಯೇ ಇತ್ತು, ಜನ ಒಪ್ಪಿಕೊಳ್ಳಲಿಲ್ಲ. ಯುರೋಪಿನ ಕೆಲವು ಕಡೆ ಸರ್ವೇ ಮಾಡುವವರು ಈಗಲೂ ಬಳಸುತ್ತಾರೆ. ನಮ್ಮ ನಿಮ್ಮ ಮಟ್ಟಿಗೆ ಪರದೆಯಲ್ಲಿ ಜಿ ಕಂಡರೆ ಯಾರೋ ತಪ್ಪಿ ಬಟನ್ ಒತ್ತಿದ್ದಾರೆ ಅಂತಲೇ ಲೆಕ್ಕ. ಅದೇ ಜಾಸ್ತಿ ಅಪಾಯದ್ದು ಕೂಡ, ಯಾಕೆಂದರೆ 90ಕ್ಕೂ 100ಕ್ಕೂ ಅಂತರ ಕಡಿಮೆ. ಸೈನ್ ಇನ್ವರ್ಸ್ 0.5ಕ್ಕೆ ಅದು 33.33 ಅನ್ನುತ್ತದೆ. ಎಷ್ಟು ಸಾಚಾ ಕಾಣುತ್ತದೆ ನೋಡಿ!

ರೇಡಿಯನ್ ಯಾರೋ ಕೂತು ಗೊತ್ತು ಮಾಡಿದ ಅಳತೆಯಲ್ಲ, ವೃತ್ತದ ಒಳಗೇ ಇರುವಂಥದ್ದು. ತ್ರಿಜ್ಯದಷ್ಟೇ ಉದ್ದದ ದಾರವನ್ನು ವೃತ್ತದ ಅಂಚಿಗೆ ಸುತ್ತಿದರೆ ಕೇಂದ್ರದಲ್ಲಿ ಬರುವ ಕೋನ ಒಂದು ರೇಡಿಯನ್. ಡಿಗ್ರಿಯಲ್ಲಿ ಹೇಳಿದರೆ 57.2958. ಈ ಯೋಚನೆ 1714ರ ಹೊತ್ತಿಗೇ ರೋಜರ್ ಕೋಟ್ಸ್ ಎಂಬ ಗಣಿತಜ್ಞನಿಗೆ ಹೊಳೆದಿತ್ತು. ರೇಡಿಯನ್ ಎಂಬ ಹೆಸರು ಅಚ್ಚಾಗಿದ್ದು 1873ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ ಜೇಮ್ಸ್ ಥಾಮ್ಸನ್ ತಯಾರಿಸಿದ ಒಂದು ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ. ಪರೀಕ್ಷೆಯಲ್ಲಿ ಇವತ್ತಿಗೂ ಅದು ಕಾಡುತ್ತಿರುವುದು ಹೊಸತೇನಲ್ಲ ಬಿಡಿ.

ಇದಕ್ಕೂ ಎಷ್ಟೋ ಹಿಂದೆ, ಕ್ರಿ.ಶ. 499ರಲ್ಲಿ, ಆರ್ಯಭಟ ಸೈನ್ ಕೋಷ್ಟಕ ಕೊಟ್ಟಾಗ ವೃತ್ತದ ತ್ರಿಜ್ಯ 3438 ಅಂತ ಹಿಡಿದುಕೊಂಡ. ವಿಚಿತ್ರ ಸಂಖ್ಯೆ ಅನ್ನಿಸುತ್ತದೆ. ಇಡೀ ಸುತ್ತಿನಲ್ಲಿ 360 ಗುಣಿಸು 60, ಅಂದರೆ 21,600 ನಿಮಿಷಗಳಿವೆ (ಇಲ್ಲಿ ನಿಮಿಷ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ). ಅದನ್ನು ಎರಡು ಪೈಯಿಂದ ಭಾಗಿಸಿ. 3437.75 ಬರುತ್ತದೆ. ಅಂದರೆ ಕೋನವನ್ನೂ ಉದ್ದವನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದ. ರೇಡಿಯನ್ ಮಾಡುವ ಕೆಲಸವೂ ಇದೇ. ಆತ 3 ಮುಕ್ಕಾಲು ಡಿಗ್ರಿಗೊಂದರಂತೆ ಕೊಟ್ಟ ವ್ಯತ್ಯಾಸಗಳಲ್ಲಿ ಮೊದಲ ಎಂಟು 225, 224, 222, 219, 215, 210, 205, 199. ಕೂಡಿ ನೋಡಿ, 1719. ಎಂಟನೆಯ ಮನೆ ಅಂದರೆ 30 ಡಿಗ್ರಿ. 1719ಕ್ಕೆ ಎರಡರಷ್ಟು 3438. ಸೈನ್ 30 ಅರ್ಧ ಅನ್ನುವುದು ಅಲ್ಲೇ ಕೂತಿದೆ.

ಈಗ ಕೆಲಸದ ಪ್ರಶ್ನೆ. ಯಾವಾಗ ಡಿಗ್ರಿ, ಯಾವಾಗ ರೇಡಿಯನ್? ತ್ರಿಕೋನ, ಎತ್ತರ, ದೂರ, ಇಳಿಜಾರು ಇದ್ದಲ್ಲಿ ಸಾಮಾನ್ಯವಾಗಿ ಡಿಗ್ರಿ. ಸೈನ್ ಒಳಗೆ ಪೈ ಕಂಡರೆ ರೇಡಿಯನ್. ಒಳಗೆ ಸಮಯ ಕಂಡರೂ ಹೆಚ್ಚಾಗಿ ರೇಡಿಯನ್. ಕಲನಶಾಸ್ತ್ರದಲ್ಲಂತೂ ರೇಡಿಯನ್ ಬಿಟ್ಟು ಬೇರೆ ಮಾತಿಲ್ಲ. ಒಂದು ಉದಾಹರಣೆ. ಸ್ಪ್ರಿಂಗಿಗೆ ಕಟ್ಟಿದ ಗುಂಡು ಅತ್ತಿತ್ತ ಓಲಾಡುತ್ತಿದೆ. ಸ್ಥಾನ, 5 ಗುಣಿಸು ಸೈನ್ ಆಫ್ 2ಟಿ ಸೆಂ.ಮೀ. ಸಮಯ 0.4 ಸೆಕೆಂಡ್. ಒಳಗಿನದು 0.8. ರೇಡಿಯನ್‌ನಲ್ಲಿ ಸೈನ್ 0.8 ಅಂದರೆ 0.7174, ಹಾಗಾಗಿ ಗುಂಡು 3.59 ಸೆಂ.ಮೀ. ದೂರದಲ್ಲಿದೆ. ಡಿಗ್ರಿಯಲ್ಲಿ ಬಿಟ್ಟಿದ್ದರೆ 0.07 ಸೆಂ.ಮೀ. ಗುಂಡು ಅಲ್ಲಾಡಿಯೇ ಇಲ್ಲ ಅನ್ನಿಸುತ್ತದೆ.

ಪೈ ಬೇಕಾದಾಗ ಪೈ ಬಟನ್ನನ್ನೇ ಒತ್ತಿ. ರೇಡಿಯನ್‌ನಲ್ಲಿ ಸೈನ್ ಪೈ ಸೊನ್ನೆ ಬರಬೇಕು. 3.14 ಹಾಕಿದರೆ 0.0016 ಬರುತ್ತದೆ. 22 ಬೈ 7 ಹಾಕಿದರೆ ಮೈನಸ್ 0.0013. ಇನ್ನು ಡಿಗ್ರಿಯಲ್ಲಿರುವಾಗ ಸೈನ್ ಪೈ ಒತ್ತಿದರೆ 0.0548. ಅದು ಮೂರು ಚಿಲ್ಲರೆ ಡಿಗ್ರಿಯ ಸೈನ್. ಕ್ಯಾಲ್ಕ್ಯುಲೇಟರ್‌ಗೆ ಪೈ ಕೂಡ ಬರೀ ಒಂದು ಸಂಖ್ಯೆ. ಪೈ ಕಂಡ ತಕ್ಷಣ ಅದು ತಾನಾಗಿ ರೇಡಿಯನ್‌ಗೆ ಹೊರಳುವುದಿಲ್ಲ.

ಒಂದೇ ಲೆಕ್ಕದಲ್ಲಿ ಎರಡೂ ಬೆರೆತಿದ್ದರೆ? ಇಎಸ್ ಮಾದರಿಗಳಲ್ಲಿ ಇದಕ್ಕೊಂದು ಉಪಾಯವಿದೆ, ಬಹಳ ಜನ ಬಳಸುವುದೇ ಇಲ್ಲ. ಶಿಫ್ಟ್ ಒತ್ತಿ ಆ್ಯನ್ಸ್ ಒತ್ತಿದರೆ ಮೂರು ಚಿಹ್ನೆಗಳು ಬರುತ್ತವೆ. ರೇಡಿಯನ್‌ನಲ್ಲಿ ಇದ್ದುಕೊಂಡೇ 30ರ ಮುಂದೆ ಡಿಗ್ರಿ ಚಿಹ್ನೆ ಅಂಟಿಸಬಹುದು. ಆ ಸಂಖ್ಯೆಯನ್ನು ಮಾತ್ರ ಅದು ಡಿಗ್ರಿ ಅಂತ ಓದಿಕೊಳ್ಳುತ್ತದೆ.

ಅಳತೆ ಸರಿ ಇದ್ದರೂ ಉತ್ತರ ತಪ್ಪುವ ಮುಖ್ಯ ಜಾಗ ಬ್ರಾಕೆಟ್. ಸೈನ್, 30, ಪ್ಲಸ್, 15, ಈಕ್ವಲ್ ಟು. ಇದೇ ಬಟನ್‌ಗಳನ್ನು ಇದೇ ಕ್ರಮದಲ್ಲಿ ಎರಡು ಕ್ಯಾಲ್ಕ್ಯುಲೇಟರ್‌ಗಳಲ್ಲಿ ಒತ್ತಿ ನೋಡಿ. 82ಎಂಎಸ್ 15.5 ಅನ್ನುತ್ತದೆ. 991ಇಎಸ್ 0.7071 ಅನ್ನುತ್ತದೆ, ಅಥವಾ ಅದನ್ನೇ ರೂಟ್ 2 ಬೈ 2 ಅಂತ ತೋರಿಸುತ್ತದೆ. ಯಾಕೆ? ಎಂಎಸ್‌ನಲ್ಲಿ ಸೈನ್ ತನ್ನ ಪಕ್ಕದ 30ನ್ನು ಮಾತ್ರ ತೆಗೆದುಕೊಂಡು 0.5 ಮಾಡಿ ಅದಕ್ಕೆ 15 ಕೂಡಿತು. ಇಎಸ್‌ನಲ್ಲಿ ಸೈನ್ ಒತ್ತಿದ ಕೂಡಲೇ ಬ್ರಾಕೆಟ್ ತಾನೇ ತೆರೆದುಕೊಳ್ಳುತ್ತದೆ. ನೀವು ಮುಚ್ಚಲಿಲ್ಲ. ಅದು ಎಲ್ಲವನ್ನೂ ಒಳಗೆ ಹಾಕಿಕೊಂಡು ಸೈನ್ 45 ಕೊಟ್ಟಿತು. ಒಂದರಲ್ಲಿ ಕಲಿತು ಇನ್ನೊಂದರಲ್ಲಿ ಪರೀಕ್ಷೆ ಬರೆಯುವವರು ಎಡವುವುದು ಇಲ್ಲೇ.

ವರ್ಗದಲ್ಲಿ ಇನ್ನೂ ಮಜಾ ಇದೆ. ಸೈನ್ ಸ್ಕ್ವೇರ್ 30 ಅಂದರೆ 0.25 ಬರಬೇಕು. ಎಂಎಸ್‌ನಲ್ಲಿ ಸೈನ್ 30 ಒತ್ತಿ ಹಾಗೇ ಸ್ಕ್ವೇರ್ ಬಟನ್ ಒತ್ತಿದರೆ ಸೊನ್ನೆ ಬರುತ್ತದೆ. ಅದು ಮೊದಲು 30ನ್ನು ವರ್ಗ ಮಾಡಿ 900 ಮಾಡಿತು. 900 ಡಿಗ್ರಿ ಅಂದರೆ ಎರಡು ಪೂರ್ತಿ ಸುತ್ತು, ಮೇಲೆ 180. ಅದರ ಸೈನ್ ಸೊನ್ನೆ. ಇಎಸ್‌ನಲ್ಲಿ ಬ್ರಾಕೆಟ್ ಮುಚ್ಚಿ ಸ್ಕ್ವೇರ್ ಒತ್ತಿದರೆ 0.25, ಮುಚ್ಚದೆ ಒತ್ತಿದರೆ ಅಲ್ಲೂ ಸೊನ್ನೆ. ಹಾಗಾಗಿ ಯಾವ ಮಾದರಿಯಾದರೂ ಇರಲಿ, ಸೈನ್ 30 ಎಂಬುದನ್ನು ಪೂರ್ತಿಯಾಗಿ ಬ್ರಾಕೆಟ್‌ನಲ್ಲಿ ಕಟ್ಟಿ, ಆಮೇಲೆ ವರ್ಗ ಮಾಡಿ. ಎರಡು ಬಟನ್ ಜಾಸ್ತಿ ಆಗುತ್ತದೆ, ಆಗಲಿ ಬಿಡಿ.

ಡಿಗ್ರಿ, ನಿಮಿಷದ ವಿಚಾರ ಬೇಗ ಹೇಳಿಬಿಡುತ್ತೇನೆ. 35 ಡಿಗ್ರಿ 30 ನಿಮಿಷವನ್ನು 35.30 ಅಂತ ಒತ್ತಬೇಡಿ. ಎರಡೂವರೆ ಗಂಟೆಯನ್ನು 2.30 ಅಂತ ಬರೆದು ಗುಣಿಸಿದ ಹಾಗಾಗುತ್ತದೆ. ಅದು 35.5. 100 ಮೀಟರ್ ದೂರದಿಂದ ಗೋಪುರದ ತುದಿಯನ್ನು ಆ ಕೋನದಲ್ಲಿ ನೋಡಿದರೆ ಎತ್ತರ 71.33 ಮೀಟರ್. 35.30 ಹಾಕಿದರೆ 70.80. ಅರ್ಧ ಮೀಟರಿಗಿಂತ ಜಾಸ್ತಿ ವ್ಯತ್ಯಾಸ, ನೋಡಿದರೆ ಗೊತ್ತೇ ಆಗುವುದಿಲ್ಲ. ಡಿಗ್ರಿ, ನಿಮಿಷ, ಸೆಕೆಂಡಿನ ಚಿಹ್ನೆಯಿರುವ ಬಟನ್ ಇದೆಯಲ್ಲ, ಅದು ಇರುವುದೇ ಇದಕ್ಕೆ.

ಇನ್ನು ಇನ್ವರ್ಸ್. ಸೈನ್ ತಲೆಯ ಮೇಲೆ ಮೈನಸ್ 1 ಇರುವುದರಿಂದ ಅದನ್ನು ಒಂದು ಬೈ ಸೈನ್ ಅಂದುಕೊಳ್ಳುವವರು ಬಹಳ. ಅಲ್ಲ. ಸೈನ್ ಇನ್ವರ್ಸ್ 0.5 ಅಂದರೆ ಯಾವ ಕೋನದ ಸೈನ್ 0.5 ಎಂಬ ಪ್ರಶ್ನೆ. ಉತ್ತರ 30. ಕೊಸೆಕ್ 30 ಬೇಕಿದ್ದರೆ 1 ಭಾಗಿಸು ಸೈನ್ 30, ಉತ್ತರ 2. ಕೊಸೆಕ್, ಸೆಕ್, ಕಾಟ್‌ಗಳಿಗೆ ಈ ಕ್ಯಾಲ್ಕ್ಯುಲೇಟರ್‌ಗಳಲ್ಲಿ ಬೇರೆ ಬಟನ್ ಇಲ್ಲ. ಶಿಫ್ಟ್ ಒತ್ತಿ ಹುಡುಕುತ್ತಾ ಕೂರಬೇಡಿ.

ಇನ್ವರ್ಸ್‌ನ ನಿಜವಾದ ತೊಡಕು ಬೇರೆಯೇ ಇದೆ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಒಂದೇ ಸೈನ್ ಬೆಲೆ ಹಲವು ಕೋನಗಳಿಗೆ ಇರುತ್ತದೆ. ಕ್ಯಾಲ್ಕ್ಯುಲೇಟರ್ ಒಂದನ್ನೇ ಕೊಡುತ್ತದೆ. ಸೈನ್ ಮತ್ತು ಟ್ಯಾನ್ ಇನ್ವರ್ಸ್‌ಗಳು ಮೈನಸ್ 90ರಿಂದ 90ರ ಒಳಗೆ ಉತ್ತರ ಕೊಡುತ್ತವೆ. ಕಾಸ್ ಇನ್ವರ್ಸ್ 0ಯಿಂದ 180ರ ಒಳಗೆ. ಉಳಿದದ್ದನ್ನು ನೀವೇ ಹುಡುಕಬೇಕು.

ಒಂದು ತ್ರಿಕೋನ ತೆಗೆದುಕೊಳ್ಳಿ. ಎ ಕೋನ 30 ಡಿಗ್ರಿ, ಅದರ ಎದುರಿನ ಬಾಹು 6 ಸೆಂ.ಮೀ., ಇನ್ನೊಂದು ಬಾಹು 10 ಸೆಂ.ಮೀ. ಆ 10ರ ಎದುರಿನ ಬಿ ಕೋನ ಎಷ್ಟು? ಸೈನ್ ನಿಯಮದ ಪ್ರಕಾರ ಸೈನ್ ಬಿ, 10 ಗುಣಿಸು 0.5 ಭಾಗಿಸು 6, ಅಂದರೆ 0.8333. ಇನ್ವರ್ಸ್ ಒತ್ತಿದರೆ 56.44 ಡಿಗ್ರಿ. ಎಲ್ಲರೂ ಇಲ್ಲಿಗೆ ಪೆನ್ನು ಕೆಳಗಿಡುತ್ತಾರೆ. ಆದರೆ 180ರಲ್ಲಿ ಅದನ್ನು ಕಳೆದರೆ ಬರುವ 123.56ರ ಸೈನ್ ಕೂಡ 0.8333. 30 ಕೂಡಿದರೆ 153.56, 180ಕ್ಕಿಂತ ಕಡಿಮೆ. ಅಂದರೆ ಆ ತ್ರಿಕೋನವೂ ಇದೆ. ಎರಡನ್ನೂ ಕಾಗದದ ಮೇಲೆ ಬರೆದು ನೋಡಿ, 6 ಸೆಂ.ಮೀ. ಬಾಹು ಎರಡು ಕಡೆ ಹೋಗಿ ತಾಗುತ್ತದೆ. ಆ 6ರ ಬದಲು 12 ಇದ್ದಿದ್ದರೆ ಬಿ ಕೋನ 24.62. ಅದರ ಜೋಡಿ 155.38ಕ್ಕೆ 30 ಕೂಡಿದರೆ 180 ದಾಟುತ್ತದೆ. ಹಾಗಾಗಿ ಒಂದೇ ತ್ರಿಕೋನ. ಈ ತೀರ್ಮಾನ ನಿಮ್ಮದು, ಬಟನ್ನಿನದಲ್ಲ.

ಟ್ಯಾನ್ ಇನ್ವರ್ಸ್‌ನಲ್ಲೂ ಇದೇ ಕಥೆ. ಎಡಕ್ಕೆ 3, ಮೇಲಕ್ಕೆ 4 ಹೋದ ಸದಿಶದ ದಿಕ್ಕು ಯಾವುದು? 4 ಭಾಗಿಸು ಮೈನಸ್ 3ರ ಟ್ಯಾನ್ ಇನ್ವರ್ಸ್ ಮೈನಸ್ 53.13. ಅದು ಬಲಕ್ಕೆ, ಕೆಳಕ್ಕೆ. ಪೂರ್ತಿ ವಿರುದ್ಧ ದಿಕ್ಕು! 180 ಕೂಡಬೇಕು, ಆಗ 126.87. ಚಿತ್ರ ಬರೆಯದೆ ಟ್ಯಾನ್ ಇನ್ವರ್ಸ್ ಮುಟ್ಟಬೇಡಿ. ಕ್ಯಾಸಿಯೋದಲ್ಲಿ ಪೋಲ್ ಎಂಬ ಫಂಕ್ಷನ್ ಇದೆ. ಅದಕ್ಕೆ ಮೈನಸ್ 3, 4 ಎರಡನ್ನೂ ಬೇರೆ ಬೇರೆಯಾಗಿ ಕೊಟ್ಟರೆ ಉದ್ದ 5, ಕೋನ 126.87 ಅಂತ ಸರಿಯಾಗಿ ಹೇಳುತ್ತದೆ.

ಮ್ಯಾತ್ ಎರರ್ ಬಂದರೆ ಗಾಬರಿ ಬೇಡ, ಅದು ಒಳ್ಳೆಯದೇ. ಟ್ಯಾನ್ 90ಕ್ಕೆ ಬೆಲೆ ಇಲ್ಲ, ಎರರ್ ಬರಲೇಬೇಕು. ಬರದೆ ಮೈನಸ್ 1.9952 ಬಂತೋ, ನೀವು ರೇಡಿಯನ್‌ನಲ್ಲಿದ್ದೀರಿ. ಸೈನ್ ಇನ್ವರ್ಸ್ ಒಳಗೆ 1ಕ್ಕಿಂತ ದೊಡ್ಡ ಸಂಖ್ಯೆ ಹೋದರೂ ಎರರ್. ಆಗ ಮೊದಲು ನೋಡಬೇಕಾದ್ದು ಭಾಗಾಕಾರ ತಲೆಕೆಳಗಾಗಿದೆಯಾ ಅಂತ. ವಿಕರ್ಣ ಮೇಲೆ ಹೋಗಿ ಕೂತಿರುತ್ತದೆ.

ನಡುವಿನ ಉತ್ತರಗಳನ್ನು ಮೊಟಕು ಮಾಡಿ ಮತ್ತೆ ಒತ್ತುವ ಅಭ್ಯಾಸ ಬಿಡಿ. ಕಾಸ್ ಇನ್ವರ್ಸ್ 0.9999 ಅಂದರೆ 0.81 ಡಿಗ್ರಿ. ಅದನ್ನು 1 ಅಂತ ಮಾಡಿಕೊಂಡರೆ ಸೊನ್ನೆ. ಕೋನವೇ ಮಾಯ! ಹಿಂದಿನ ಉತ್ತರವನ್ನು ಹಾಗೇ ವಾಪಸ್ ತರುವ ಆ್ಯನ್ಸ್ ಬಟನ್ ಇರುವಾಗ ಅಂಕಿಗಳನ್ನು ಮತ್ತೆ ಯಾಕೆ ಬರೆಯಬೇಕು?

ಇದೆಲ್ಲದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಈಕ್ವಲ್ ಟು ಒತ್ತುವ ಮೊದಲು ಅಂದಾಜು. ಸೈನ್ 30 ಅರ್ಧ, ಸೈನ್ 45 ಸುಮಾರು 0.707. 40 ಇವೆರಡರ ನಡುವೆ, ಮೂರನೇ ಎರಡು ಭಾಗದಷ್ಟು ದೂರದಲ್ಲಿದೆ. 0.207ರಲ್ಲಿ ಮೂರನೇ ಎರಡು ಭಾಗ 0.138. ಅರ್ಧಕ್ಕೆ ಕೂಡಿದರೆ 0.638. ನಿಜವಾದ ಬೆಲೆ 0.6428, ಎಷ್ಟು ಹತ್ತಿರ ನೋಡಿ. 0.7451 ಕೂಡಲೇ ಹೊರಗೆ, ಯಾಕೆಂದರೆ 40ರ ಸೈನ್ 45ರದಕ್ಕಿಂತ ಜಾಸ್ತಿ ಇರಲು ಸಾಧ್ಯವಿಲ್ಲ. 0.5878 ಕೂಡ ಹೊರಗೆ, ಅದು 30ರ ಕಡೆಗೆ ವಾಲಿದೆ. ಮನಸ್ಸಿನಲ್ಲೇ ಇಷ್ಟು ಮಾಡಲು ಹತ್ತು ಸೆಕೆಂಡ್ ಸಾಕು.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: "ಕ್ಯಾಲ್ಕ್ಯುಲೇಟರ್ ಒಳಗೆ ಎಲ್ಲ ಕೋನಗಳ ಕೋಷ್ಟಕ ಇರುತ್ತದಾ ಸರ್?"

ಅಷ್ಟು ದೊಡ್ಡ ಕೋಷ್ಟಕ ಇಟ್ಟುಕೊಳ್ಳಲು ಜಾಗ ಎಲ್ಲಿದೆ? 1959ರಲ್ಲಿ ಜ್ಯಾಕ್ ವೋಲ್ಡರ್ ಎಂಬ ಎಂಜಿನಿಯರ್ ವಿಮಾನದ ದಿಕ್ಕು ಲೆಕ್ಕ ಹಾಕುವ ಕಂಪ್ಯೂಟರ್‌ಗಾಗಿ ರೂಪಿಸಿದ ಕಾರ್ಡಿಕ್ ಎಂಬ ವಿಧಾನ ಪ್ರಕಟವಾಯಿತು. ಮೊದಲೇ ಗೊತ್ತಿರುವ ಕೆಲವೇ ಕೆಲವು ಸಣ್ಣ ಕೋನಗಳಷ್ಟು ಒಂದು ಬಿಂದುವನ್ನು ಹಿಂದೆ ಮುಂದೆ ತಿರುಗಿಸುತ್ತಾ ಬೇಕಾದ ಕೋನಕ್ಕೆ ತಲುಪುವುದು. ಕೂಡುವುದು, ಕಳೆಯುವುದು, ಅಂಕಿಗಳನ್ನು ಪಕ್ಕಕ್ಕೆ ಸರಿಸುವುದು, ಇಷ್ಟೇ ಕೆಲಸ. 1972ರಲ್ಲಿ ಬಂದ ಎಚ್‌ಪಿ-35, ಜೇಬಿನಲ್ಲಿ ಹಿಡಿಸುವ ಮೊದಲ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್, ಇದೇ ದಾರಿ ಹಿಡಿಯಿತು. ಅದರಲ್ಲಿ ಡಿಗ್ರಿ ಮಾತ್ರ ಇತ್ತು. ಅಳತೆ ತಪ್ಪುವ ಭಯವೇ ಇರಲಿಲ್ಲ.

ಇನ್ನೊಬ್ಬರ ಪ್ರಶ್ನೆ: "ಎಕ್ಸೆಲ್‌ನಲ್ಲಿ ಡಿಗ್ರಿಗೆ ಬದಲಾಯಿಸುವುದು ಎಲ್ಲಿ?"

ಎಲ್ಲೂ ಇಲ್ಲ. ಎಕ್ಸೆಲ್, ಪೈಥಾನ್, ಸಿ, ಜಾವಾಸ್ಕ್ರಿಪ್ಟ್ ಎಲ್ಲದರಲ್ಲೂ ಸೈನ್ ಫಂಕ್ಷನ್‌ಗೆ ಕೊಡಬೇಕಾದ್ದು ರೇಡಿಯನ್. ಎಕ್ಸೆಲ್‌ನಲ್ಲಿ ರೇಡಿಯನ್ಸ್ ಎಂಬ ಫಂಕ್ಷನ್ ಇದೆ. 40ನ್ನು ಮೊದಲು ಅದರೊಳಗೆ ಹಾಕಿ, ಬಂದದ್ದನ್ನು ಸೈನ್‌ಗೆ ಕೊಡಿ. ಇನ್ವರ್ಸ್ ಮಾಡಿ ಬಂದ ಉತ್ತರವನ್ನು ಡಿಗ್ರೀಸ್ ಎಂಬ ಫಂಕ್ಷನ್‌ನಿಂದ ವಾಪಸ್ ತನ್ನಿ. ದಿಕ್ಕು ಹುಡುಕಲು ಎಟ್ಯಾನ್2 ಇದೆ, ಅದು ಆಗ ಹೇಳಿದ ಪೋಲ್ ಥರ ಎಡ ಬಲ ನೋಡಿಕೊಂಡೇ ಕೋನ ಹೇಳುತ್ತದೆ. ಆದರೆ ಎಕ್ಸೆಲ್‌ನಲ್ಲಿ ಮೊದಲು ಎಕ್ಸ್, ಆಮೇಲೆ ವೈ. ಉಳಿದ ಮೂರರಲ್ಲಿ ಮೊದಲು ವೈ, ಆಮೇಲೆ ಎಕ್ಸ್. ಅನುಮಾನ ಬಂದರೆ ಎಕ್ಸ್ ಸೊನ್ನೆ, ವೈ 1 ಕೊಟ್ಟು ನೋಡಿ. ನೇರ ಮೇಲಕ್ಕೆ ಹೋಗುವ ದಿಕ್ಕು ಅದು, 1.5708 ಬರಬೇಕು. ಸೊನ್ನೆ ಬಂದರೆ ಎರಡನ್ನೂ ಅದಲು ಬದಲು ಹಾಕಿದ್ದೀರಿ.